ಕಾಣದಿರುವುದೂ ಇಲ್ಲದಿರುವುದೂ

ಉಗ್ರಾಣದ ಬಾಗಿಲಲ್ಲಿ ನಿಂತು ಒಳಗೊಮ್ಮೆ ಕಣ್ಣಾಡಿಸಿ, ಬೆಲ್ಲದ ಮಡಕೆ ಅಲ್ಲಿಲ್ಲವೆಂದು ಹೇಳಿ ಹಿಂದಿರುಗುವ ಹುಡುಗನನ್ನು ಮನೆಯ ಹಿರಿಯಳು ಕೇಳುವ ಮಾತೊಂದುಂಟು: “ದೀಪ ಹಿಡಿದು ನೋಡಿದೆಯೇನಪ್ಪ?” ಹುಡುಗನಿಗೆ ಮಡಕೆ ಕಾಣಲಿಲ್ಲವೆಂಬುದು ದಿಟ, ಮಡಕೆ ಅಲ್ಲಿಲ್ಲವೆಂಬುದು ಅಷ್ಟರಿಂದಲೇ ದಿಟವಾಗಲಿಲ್ಲ. ಎರಡು ಮಾತುಗಳ ನಡುವೆ ಒಂದು ಹೊಸ್ತಿಲಷ್ಟು ಅಂತರವಿದೆ. ದಿನಬಳಕೆಯಲ್ಲಿ ಜನರು ಅದನ್ನು ಲಕ್ಷಿಸದೆ ದಾಟಿಬಿಡುತ್ತಾರೆ. ಬೆಲ್ಲದ ಮಡಕೆಯ ವಿಷಯದಲ್ಲಿ ಅದರಿಂದ ದೊಡ್ಡ ಹಾನಿಯೇನೂ ಆಗುವುದಿಲ್ಲ.

ಕುಮಾರಿಲಭಟ್ಟನ ಪಂಥದ ಮೀಮಾಂಸಕರು ಈ ಅಂತರವನ್ನು ಬಹು ಎಚ್ಚರದಿಂದ ವಿಚಾರಿಸಿದರು. ಬರಿಯ ನೆಲವನ್ನು ನೋಡಿ ಇಲ್ಲಿ ಗಡಿಗೆಯಿಲ್ಲವೆಂದು ಮನುಷ್ಯನು ಅರಿಯುತ್ತಾನಷ್ಟೆ. ಇಲ್ಲದ ಗಡಿಗೆಯಾದರೋ ಕಣ್ಣಿಗೆ ಬೀಳತಕ್ಕ ವಸ್ತುವಲ್ಲ. ಹಾಗಾದರೆ ಈ ಅರಿವನ್ನು ತಂದುಕೊಟ್ಟ ಪ್ರಮಾಣ ಯಾವುದು? ಅದು ಪ್ರತ್ಯಕ್ಷವೂ ಅಲ್ಲ, ಅನುಮಾನವೂ ಅಲ್ಲ, ಅನುಪಲಬ್ಧಿಯೆಂಬ ಬೇರೊಂದು ಪ್ರಮಾಣವೆಂದು ಅವರು ಎಣಿಸಿದರು. ಅದ್ವೈತಿಗಳು ಅದನ್ನು ಒಪ್ಪಿಕೊಂಡರು, ಪ್ರಾಭಾಕರರು ಒಪ್ಪಲಿಲ್ಲ, ನೈಯಾಯಿಕರು ಪ್ರತ್ಯಕ್ಷದೊಳಗೇ ಅದಕ್ಕೆ ಸ್ಥಳ ಮಾಡಿಕೊಟ್ಟರು. ಆ ವಾದದ ಕವಲುಗಳಲ್ಲೆಲ್ಲ ಇಲ್ಲಿ ಅಲೆಯಬೇಕಾದುದಿಲ್ಲ. ಆದರೆ ಅದನ್ನು ಒಪ್ಪಿದವರು ವಿಧಿಸಿದ ಒಂದು ಕಟ್ಟುಪಾಡು ಗಮನಾರ್ಹವಾದುದು. ಕಾಣದಿರುವಿಕೆಯೆಲ್ಲ ಪ್ರಮಾಣವಲ್ಲ, ವಸ್ತುವು ಅಲ್ಲಿದ್ದ ಪಕ್ಷದಲ್ಲಿ ಕಂಡೇ ಕಾಣುತ್ತಿತ್ತೆಂಬ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಅದು ಪ್ರಮಾಣ. ಇದಕ್ಕೆ ಯೋಗ್ಯಾನುಪಲಬ್ಧಿಯೆಂದು ಹೆಸರು. ಬೆಳಕಿರಬೇಕು, ಕಣ್ಣು ನೆಟ್ಟಗಿರಬೇಕು, ವಸ್ತುವು ಕಣ್ಣಿಗೆ ನಿಲುಕುವಂಥದಾಗಿರಬೇಕು. ಕತ್ತಲೆಯಲ್ಲಿ ಕಾಣದ ಗಡಿಗೆಯನ್ನು ಕುರಿತು ವಿವೇಕಿಯು ‘ಇಲ್ಲ’ವೆನ್ನುವುದಿಲ್ಲ, ‘ತಿಳಿಯದು’ ಎನ್ನುತ್ತಾನೆ.

ಪಾಠಶಾಲೆಗಳಲ್ಲಿಯೇ ಉಳಿದುಬಿಡಬಹುದಾಗಿದ್ದ ಈ ಚರ್ಚೆಯು ಇಂದು ನಿರೀಕ್ಷಿಸದ ಸ್ಥಳದಲ್ಲಿ ಮತ್ತೆ ತಲೆಯೆತ್ತಿದೆ. ಬೆಂಗಳೂರಿನ ಪೂರ್ವದಲ್ಲಿ, ಮಾರತಹಳ್ಳಿ ಮಹದೇವಪುರಗಳ ನೆರೆಯಲ್ಲಿ, ದೊಡ್ಡನೆಕ್ಕುಂದಿಯೆಂಬ ಊರುಂಟು. ಅದರ ಕೆರೆ ಇನ್ನೂ ಇದೆ. ಊರಿನ ಸುತ್ತಣ ಹೊಲಗಳು ಹೋದುವು. ಹೊರ ವರ್ತುಲ ರಸ್ತೆಯು ಮಗ್ಗುಲಲ್ಲಿ ಹಾದ ಮೇಲೆ ಗಾಜಿನ ಗೋಡೆಗಳ ಬಹುಮಹಡಿ ಕಟ್ಟಡಗಳು ಎದ್ದುವು. ಕೈಗಾರಿಕಾ ಪ್ರದೇಶದ ಶೆಡ್ಡುಗಳೂ ಕಂಪ್ಯೂಟರು ಕಂಪನಿಗಳ ಕಚೇರಿಗಳೂ ಹೆಗಲಿಗೆ ಹೆಗಲು ತಾಗಿಸಿ ನಿಂತುವು. ಸಮೀಪದಲ್ಲಿಯೇ, 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಆರಂಭಿಸಿದ ವಿಮಾನ ಕಾರ್ಖಾನೆಯಿದೆ. ಇಂಥ ನೆರೆಹೊರೆಯಲ್ಲಿ ಯಾವುದೋ ಮಹಡಿಯ ಮೇಲೆ ಹತ್ತಿಪ್ಪತ್ತು ಮಂದಿ ಎಳೆಯರು ಕೂಡಿ, ಯಂತ್ರಗಳಿಗೆ ದೂರವನ್ನು ಅರಿಯುವ ಕಣ್ಣನ್ನು ಮಾಡಿಕೊಡುವೆವೆಂದು ಒಂದು ಹೊಸ ಉದ್ಯಮವನ್ನು, ಎಲ್ಲರೂ ಕರೆಯುವಂತೆ ಒಂದು ಸ್ಟಾರ್ಟಪ್ಪನ್ನು, ತೆರೆದರೆಂದು ಇಟ್ಟುಕೊಳ್ಳಬಹುದು. ಇದು ಕೇವಲ ಊಹೆಯ ಮಾತಲ್ಲ. ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರು ನಿಜವಾಗಿಯೂ ಇದ್ದಾರೆ. 2016ರಲ್ಲಿ ಹುಟ್ಟಿದ ಸ್ಟೆರೇಡಿಯನ್ ಸೆಮಿಕಂಡಕ್ಟರ್ಸ್ ಎಂಬುದು ರೇಡಾರಿನ ಅಲೆಗಳಿಂದ ವಾಹನಗಳಿಗೆ ಸುತ್ತಲಿನ ಚಿತ್ರವನ್ನು ಕೊಡುವ ಚಿಪ್ಪುಗಳನ್ನು ನಿರ್ಮಿಸಿ, 2022ರಲ್ಲಿ ಜಪಾನಿನ ರೆನೆಸಾಸ್ ಕಂಪನಿಯ ವಶವಾಯಿತು. 2019ರಲ್ಲಿ ಗೋಕುಲ್ ಎನ್. ಎ. ಮತ್ತು ನಿಖಿಲ್ ರಾಮಸ್ವಾಮಿಯವರು ಸ್ಥಾಪಿಸಿದ ಸಿನ್‌ಲರ್ ಎಂಬುದು, ಮೊದಲೆಂದೂ ನೋಡದ ವಸ್ತುವನ್ನು ಕಂಡು ಎತ್ತಿಕೊಳ್ಳಬಲ್ಲ ಯಂತ್ರಬಾಹುವನ್ನು ರೂಪಿಸುವ ಸಾಹಸದಲ್ಲಿದೆ. ಇವರ ಯಂತ್ರಗಳ ಒಳಗುಟ್ಟನ್ನು ಬಗೆಯುವುದು ಪ್ರಕೃತ ಉದ್ದೇಶವಲ್ಲ. ಇಂಥ ಕೆಲಸಕ್ಕೆ ಕೈಯಿಟ್ಟವರೆಲ್ಲರ ಮುಂದೆ ಬಂದು ನಿಲ್ಲುವ ಒಂದು ಪ್ರಶ್ನೆ ಇಲ್ಲಿಯ ವಿಷಯ.

ಸಾಮಾನ್ಯ ಕ್ಯಾಮೆರಾಕ್ಕೆ ದೂರವೆಂಬುದಿಲ್ಲ. ಛಾಯಾಚಿತ್ರದಲ್ಲಿ ಬೆಟ್ಟವೂ ಬೆರಳೂ ಒಂದೇ ಹಾಳೆಯ ಮೇಲೆ ಮಲಗಿರುತ್ತವೆ; ಅವುಗಳ ನಡುವಣ ಹರದಾರಿಗಳನ್ನು ತುಂಬಿಕೊಡುವವನು ನೋಡುವ ಮನುಷ್ಯನು. ಯಂತ್ರಕ್ಕೆ ಆ ಉಪಕಾರ ಮಾಡುವವರಿಲ್ಲ. ಆದುದರಿಂದ ಚಿತ್ರದ ಒಂದೊಂದು ಚುಕ್ಕೆಗೂ ಅದು ಎಷ್ಟು ದೂರದಲ್ಲಿದೆಯೆಂಬ ಅಂಕಿಯೊಂದನ್ನು ಬೇರೆಯಾಗಿ ದೊರಕಿಸಬೇಕು. ದೊರಕಿಸುವ ದಾರಿಗಳು ಮುಖ್ಯವಾಗಿ ಮೂರು.

ಮೊದಲನೆಯದು ಎರಡು ಕಣ್ಣಿನ ದಾರಿ. ಮನುಷ್ಯನ ಕಣ್ಣುಗಳೆರಡರ ನಡುವೆ ಸುಮಾರು ಆರು ಸೆಂಟಿಮೀಟರಿಗಿಂತ ತುಸು ಹೆಚ್ಚಿನ ಅಂತರವಿದೆ. ಒಂದೊಂದು ಕಣ್ಣಿಗೂ ಕಾಣುವ ನೋಟವು ಸ್ವಲ್ಪ ಬೇರೆ. ಆ ಸ್ವಲ್ಪದಿಂದಲೇ ಮನಸ್ಸು ಆಳವನ್ನು ಗ್ರಹಿಸುವುದೆಂದು 1838ರಲ್ಲಿ ಚಾರ್ಲ್ಸ್ ವೀಟ್‌ಸ್ಟನ್ನನು ತೋರಿಸಿಕೊಟ್ಟನು. ಎರಡು ಕ್ಯಾಮೆರಾಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಲೆಕ್ಕದಿಂದ ಅದೇ ಫಲವನ್ನು ಪಡೆಯಬಹುದು. ಈ ಲೆಕ್ಕ ಬೆಂಗಳೂರಿಗೆ ಹೊಸದಲ್ಲ. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ನನು ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಗಿಲಾದ ಆಧಾರರೇಖೆಯೊಂದನ್ನು ಉಕ್ಕಿನ ಸರಪಳಿಯಿಂದ ನೆಲದ ಮೇಲೆ ಅಳೆದನು. (ಆ ಸರಪಳಿಯು ಮೊದಲು ಚೀಣದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಅಲ್ಲಿ ಬೇಡವಾಗಿ ಹಿಂದಿರುಗಿದುದು.) ರೇಖೆಯ ಎರಡು ತುದಿಗಳಿಂದ ದೂರದ ಗುಡ್ಡವೊಂದನ್ನು ನೋಡಿ ಕೋನಗಳನ್ನು ಅಳೆದರೆ, ಗುಡ್ಡದವರೆಗೆ ನಡೆಯದೆಯೇ ಅದರ ದೂರ ಸಿಕ್ಕುವುದು. 1802ರಲ್ಲಿ ಮದರಾಸಿನಲ್ಲಿ ಮೊದಲಾದ ಮಹಾ ತ್ರಿಕೋಣ ಮೋಜಣಿಯು ಈ ಉಪಾಯದಿಂದಲೇ ದೇಶವನ್ನೆಲ್ಲ ಅಳೆಯಿತು. 1804ರಲ್ಲಿ ಮದರಾಸಿನಿಂದ ತ್ರಿಕೋಣಗಳ ಸಾಲು ಬೆಂಗಳೂರಿಗೆ ಬಂದು ಮುಟ್ಟಿದಾಗ, ಲೆಕ್ಕದಿಂದ ಬಂದ ಉದ್ದವನ್ನು ಹಾಗೆಯೇ ನಂಬದೆ, ಅಲ್ಲಿ ಮತ್ತೊಂದು ರೇಖೆಯನ್ನು ಸರಪಳಿ ಹಿಡಿದು ನೆಲದ ಮೇಲೆ ಅಳೆದು ತಾಳೆ ನೋಡಿದರು. ಹೆಚ್ಚು ಕಡಮೆ ಇನ್ನೂರು ವರ್ಷಗಳ ಬಳಿಕ ಏಳು ಮೈಲಿಯ ರೇಖೆಯು ಅಂಗೈಯಗಲಕ್ಕೆ ಕುಗ್ಗಿದೆ, ಗುಡ್ಡದ ಬದಲು ಗೋಡೆ, ಮೇಜು, ಮನುಷ್ಯ ಬಂದಿದ್ದಾರೆ, ತತ್ತ್ವ ಅದೇ. ಅದರ ದೌರ್ಬಲ್ಯವೂ ಅದೇ: ದೂರವು ಎರಡರಷ್ಟಾದರೆ ಅಳತೆಯ ತಪ್ಪು ನಾಲ್ಕರಷ್ಟಾಗುವುದು. ಗುರುತಿಲ್ಲದ ಬಿಳಿಗೋಡೆಯ ಮುಂದೆಯಂತೂ ಅದು ಕುರುಡು. ಒಂದು ಕಣ್ಣು ಕಂಡ ಚುಕ್ಕೆಯೇ ಇನ್ನೊಂದು ಕಣ್ಣು ಕಂಡ ಚುಕ್ಕೆಯೆಂದು ಗುರುತಿಸಲು ಅಲ್ಲಿ ಏನೂ ಇರುವುದಿಲ್ಲ.

ಎರಡನೆಯ ದಾರಿಯು ಈ ಕೊರತೆಯನ್ನು ತುಂಬಲು ಹುಟ್ಟಿತು. ಗುರುತಿಲ್ಲದಲ್ಲಿ ಗುರುತನ್ನು ತಾನೇ ಎಸೆಯುವುದು. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಚುಕ್ಕೆಗಳನ್ನು ರಂಗೋಲಿಯಂತೆ ಎದುರಿನ ವಸ್ತುಗಳ ಮೇಲೆ ಚೆಲ್ಲಿ, ಆ ರಂಗೋಲಿ ಎಲ್ಲಿ ಎಷ್ಟು ಓರೆಯಾಯಿತೆಂದು ಕ್ಯಾಮೆರಾದಿಂದ ನೋಡಿ ಆಕಾರವನ್ನು ತಿಳಿಯುವುದು. 2010ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಕಂಪನಿಯು ಆಟಕ್ಕಾಗಿ ಮಾರಾಟಕ್ಕಿಟ್ಟ ಕೈನೆಕ್ಟ್ ಎಂಬ ಉಪಕರಣವು ಹೀಗೆ ಕೆಲಸ ಮಾಡುತ್ತಿತ್ತು. ಆಟದ ಸಾಮಾನಾಗಿ ಬಂದುದು ಬಹುಬೇಗ ಜಗತ್ತಿನ ಪ್ರಯೋಗಶಾಲೆಗಳಲ್ಲಿ ರೋಬೋಗಳ ಕಣ್ಣಾಯಿತು. 2017ರ ಐಫೋನು ಒಡೆಯನ ಮುಖದ ಮೇಲೆ ಮೂವತ್ತು ಸಾವಿರಕ್ಕೂ ಹೆಚ್ಚು ಚುಕ್ಕೆಗಳನ್ನು ಚೆಲ್ಲಿ ಅವನನ್ನು ಗುರುತಿಸತೊಡಗಿದುದೂ ಇದೇ ಉಪಾಯದಿಂದ.

ಮೂರನೆಯದೇ ಅತ್ಯಂತ ಕುತೂಹಲಕರವಾದುದು. ಬೆಳಕನ್ನು ಕಳುಹಿ, ಅದು ವಸ್ತುವಿಗೆ ಬಡಿದು ಹಿಂದಿರುಗಲು ಹಿಡಿದ ಕಾಲವನ್ನು ಎಣಿಸುವುದು. ಬೆಳಕು ಸೆಕೆಂಡಿನ ನೂರುಕೋಟಿಯಲ್ಲೊಂದಂಶದಲ್ಲಿ ಸುಮಾರು ಮೂವತ್ತು ಸೆಂಟಿಮೀಟರು ಸಾಗುವುದು. ಮೂರು ಮೀಟರು ದೂರದ ಗೋಡೆಗೆ ಹೋಗಿ ಬರಲು ಅಂಥ ಇಪ್ಪತ್ತು ಅಂಶಗಳು ಸಾಕು. ಅಷ್ಟು ಸಣ್ಣ ಕಾಲವನ್ನು ಹಿಡಿಯಬಲ್ಲ ಸಾಧನವು ಇಂದು ಬೆರಳ ತುದಿಯ ಮೇಲೆ ನಿಲ್ಲುವಷ್ಟಾಗಿದೆ. ಇದನ್ನು ಕೇಳಿದ ಹಳೆಯ ನೈಯಾಯಿಕನಾದರೆ ಸಂತೋಷದಿಂದ ತಲೆದೂಗುತ್ತಿದ್ದನು. ಕಣ್ಣು ತೈಜಸವಾದುದು, ಅದರ ರಶ್ಮಿಯು ಹೊರಹೊರಟು ವಸ್ತುವನ್ನು ಮುಟ್ಟಿ ಅರಿಯುವುದೆಂಬುದು ಅವನ ಮತ. ರಾತ್ರಿಯಲ್ಲಿ ಸಂಚರಿಸುವ ಪ್ರಾಣಿಗಳ ಕಣ್ಣು ಹೊಳೆಯುವುದನ್ನು ಅವನು ಇದಕ್ಕೆ ಸಾಕ್ಷಿಯಾಗಿ ಎತ್ತಿಕೊಟ್ಟನು. ಬೌದ್ಧರೂ ಜೈನರೂ ನಕ್ಕರು: ಕಣ್ಣಿನ ಕಿರಣವೇ ಹೊರಗೆ ಹೋಗಿ ಮುಟ್ಟಬೇಕಾದರೆ, ಹತ್ತಿರದ ಮರದ ಕೊಂಬೆಯೂ ಅದರಾಚೆಯ ಚಂದ್ರನೂ ಒಟ್ಟಿಗೆ ಕಾಣುವುದು ಹೇಗೆ? ನೈಯಾಯಿಕನು ಸೋಲಲಿಲ್ಲ. ಒಟ್ಟಿಗೆ ಕಂಡಂತೆ ತೋರುವುದಷ್ಟೆ; ತಾವರೆಯ ನೂರು ದಳಗಳನ್ನು ಒಂದರ ಮೇಲೊಂದಿಟ್ಟು ಸೂಜಿಯಿಂದ ಚುಚ್ಚಿದರೆ ಒಂದೇ ಕ್ಷಣದಲ್ಲಿ ತೂತಾದಂತೆ ತೋರಿದರೂ ನಡುವೆ ಕ್ರಮವುಂಟು, ಕಾಲದ ಅಂತರವುಂಟು, ಅದು ಮನುಷ್ಯನ ಗಮನಕ್ಕೆ ಬಾರದಷ್ಟು ಸಣ್ಣದು, ಎಂದನು. ಮನುಷ್ಯನ ಕಣ್ಣಿನ ವಿಷಯದಲ್ಲಿ ಅವನ ಮಾತು ಸುಳ್ಳಾಯಿತು. ಕಣ್ಣಿನಿಂದ ಕಿರಣವೇನೂ ಹೊರಡುವುದಿಲ್ಲ. ಆದರೆ ಅವನು ಕಲ್ಪಿಸಿದ ಕಣ್ಣನ್ನು ಎಂಜಿನಿಯರುಗಳು ಕಟ್ಟಿಯೇ ಬಿಟ್ಟಿದ್ದಾರೆ. ದಳದಿಂದ ದಳಕ್ಕೆ ಸೂಜಿ ಇಳಿಯುವ ಆ ಅತಿಸೂಕ್ಷ್ಮ ಕಾಲವನ್ನು ಎಣಿಸಿಯೇ ಈ ಕ್ಯಾಮೆರಾ ಕೊಂಬೆ ಹತ್ತಿರ, ಗೋಡೆ ದೂರ, ಎಂದು ಹೇಳುವುದು.

ಇಷ್ಟೆಲ್ಲ ಉಪಾಯಗಳಿದ್ದರೂ ಈ ಕಣ್ಣುಗಳು ಸೋಲುವ ಸ್ಥಳಗಳುಂಟು, ಅವುಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಗಾಜಿನಲ್ಲಿ ಬೆಳಕು ನುಗ್ಗಿಹೋಗುವುದು. ಕನ್ನಡಿಯಲ್ಲಿ ಬೇರೆ ದಿಕ್ಕಿಗೆ ಚಿಮ್ಮುವುದು. ಕಪ್ಪು ಬಟ್ಟೆಯೂ ಕಪ್ಪು ರಬ್ಬರೂ ಬೆಳಕನ್ನು ನುಂಗಿಬಿಡುವುವು. ನಿಂತ ನೀರು ಒಮ್ಮೆ ನುಂಗುವುದು, ಒಮ್ಮೆ ಆಕಾಶವನ್ನು ತೋರುವುದು. ನಡುಹಗಲ ಬಿಸಿಲಿನಲ್ಲಿ ಯಂತ್ರವು ಎಸೆದ ಮಂದವಾದ ಅವಕೆಂಪು ಬೆಳಕು ಸೂರ್ಯನ ಬೆಳಕಿನಲ್ಲಿ ಕರಗಿಹೋಗುವುದು. ಸಭಾಪರ್ವದ ಮಯಸಭೆಯ ಕಥೆಯನ್ನು ಅರಿಯದ ಕನ್ನಡಿಗರು ವಿರಳ. ದುರ್ಯೋಧನನು ಸ್ಫಟಿಕದ ನೆಲವನ್ನು ನೀರೆಂದು ಬಗೆದು ಬಟ್ಟೆಯೆತ್ತಿ ನಡೆದನು, ನೀರನ್ನು ನೆಲವೆಂದು ಬಗೆದು ಬಿದ್ದನು, ಸ್ಫಟಿಕದ ಬಾಗಿಲನ್ನು ಬಯಲೆಂದು ಬಗೆದು ಹಣೆ ಬಡಿಸಿಕೊಂಡನು. ಆಳವನ್ನರಿಯುವ ಕ್ಯಾಮೆರಾವನ್ನು ಪರೀಕ್ಷಿಸಲು ಮಯನಿಗಿಂತ ಒಳ್ಳೆಯ ಪರೀಕ್ಷಕನು ಸಿಕ್ಕನು. ಗಾಜಿನ ಗೋಡೆ, ಹೊಳೆಯುವ ಗ್ರಾನೈಟು ನೆಲ, ಮಳೆ ಬಂದರೆ ನೀರು ನಿಲ್ಲುವ ರಸ್ತೆ, ಇವುಗಳಿಂದ ಕೂಡಿದ ಹೊರ ವರ್ತುಲ ರಸ್ತೆಯ ಆಸುಪಾಸು ಅಂಥ ಸಭೆಯೇ ಸರಿ.

ಬೆಳಕು ಹಿಂದಿರುಗದ ಚುಕ್ಕೆಯಲ್ಲಿ ಯಂತ್ರವು ಯಾವ ಅಂಕಿಯನ್ನು ಬರೆಯಬೇಕು? ಇಲ್ಲಿಗೆ ವಿಷಯದ ಮರ್ಮವು ಬಂದಿತು. ಅನೇಕ ಕ್ಯಾಮೆರಾಗಳಲ್ಲಿ ಅಲ್ಲಿ ಸೊನ್ನೆಯನ್ನು ಬರೆಯುವ ರೂಢಿಯುಂಟು. ಸೊನ್ನೆಯೆಂದರೆ ದೂರ ಸೊನ್ನೆಯೆಂದಲ್ಲ, ಅಳತೆ ದೊರೆಯಲಿಲ್ಲವೆಂದು ಅರ್ಥ. ಅದನ್ನು ಬಲ್ಲವನು ಬಲ್ಲನು; ಅಂಕಿಗಳನ್ನು ಓದಿಕೊಂಡು ಚಕ್ರವನ್ನೋ ಬಾಹುವನ್ನೋ ಓಡಿಸುವ ಮುಂದಿನ ಕಾರ್ಯಕ್ರಮಕ್ಕೆ ಯಾರಾದರೂ ಹೇಳಿಕೊಡದ ಹೊರತು ಅದು ತಿಳಿಯದು. ಸೊನ್ನೆಯನ್ನು ಲೋಕಕ್ಕೆ ಕೊಟ್ಟೆವೆಂದು ಹೆಮ್ಮೆಪಡುವ ದೇಶದಲ್ಲಿ ‘ಏನೂ ಇಲ್ಲ’ ಎಂಬುದಕ್ಕೂ ‘ಏನೂ ತಿಳಿಯದು’ ಎಂಬುದಕ್ಕೂ ಒಂದೇ ಗುರುತು ಹಾಕಿದರೆ ಏನಾಗುವುದೆಂಬುದನ್ನು ವಿಚಾರಿಸುವುದು ಅನುಚಿತವಲ್ಲ. ಕಾರ್ಯಕ್ರಮವನ್ನು ಬರೆಯುವವನು ಅಳತೆ ಸಿಕ್ಕದ ಚುಕ್ಕೆಗಳನ್ನು ಸುಮ್ಮನೆ ಬಿಟ್ಟುಬಿಟ್ಟನೆಂದರೆ, ಅಲ್ಲಿ ಅಡ್ಡಿಯೇನೂ ಇಲ್ಲವೆಂದು ಯಂತ್ರವು ತಿಳಿಯುವುದು. ಉಗ್ರಾಣದ ಹುಡುಗನ ತರ್ಕವು ಇಲ್ಲಿ ಉಕ್ಕಿನ ತೋಳಿಗೆ ಬರುವುದು.

ಇನ್ನೊಂದು ರೂಢಿಯು ಇದಕ್ಕಿಂತಲೂ ನಯವಾದುದು, ಆದುದರಿಂದ ಹೆಚ್ಚು ಅಪಾಯದ್ದು. ಆಳದ ಚಿತ್ರವನ್ನು ಪರದೆಯ ಮೇಲೆ ತೋರಿಸುವಾಗ ಹತ್ತಿರವನ್ನು ಒಂದು ಬಣ್ಣದಿಂದಲೂ ದೂರವನ್ನು ಇನ್ನೊಂದು ಬಣ್ಣದಿಂದಲೂ ತುಂಬುತ್ತಾರೆ. ಅಳತೆ ಸಿಕ್ಕದ ಸ್ಥಳಗಳು ಹುಳು ತಿಂದ ಸೀರೆಯಂತೆ ಕಪ್ಪು ತೂತುಗಳಾಗಿ ಕಾಣುತ್ತವೆ. ಹಣ ಹೂಡುವವರು ನೋಡಬಂದ ದಿನ ಹುಳು ತಿಂದ ಸೀರೆಯನ್ನು ಹರವಲು ಯಾರಿಗೂ ಮನಸ್ಸಾಗದು. ಆದುದರಿಂದ ತೂತುಗಳನ್ನು ಸುತ್ತಲಿನ ಚುಕ್ಕೆಗಳ ಅಂಕಿಗಳಿಂದ ತುಂಬುವ ಉಪಾಯಗಳನ್ನು ಕಂಡುಹಿಡಿದಿದ್ದಾರೆ. ಕ್ಯಾಮೆರಾಗಳ ಜತೆಗೆ ಬರುವ ಸಾಫ್ಟ್‌ವೇರಿನಲ್ಲಿ ಅದಕ್ಕೆ ಒಂದು ಗುಂಡಿಯೇ ಇರುವುದುಂಟು. ಒತ್ತಿದರೆ ಚಿತ್ರವು ನುಣ್ಣಗಾಗುವುದು. ಛಾಯಾಚಿತ್ರದಲ್ಲಿ ಮದುಮಗಳ ಹಿಂದಣ ನೋಟವನ್ನು ಮಸುಕು ಮಾಡುವುದಕ್ಕಾದರೆ ಇದರಲ್ಲಿ ದೋಷವೇನೂ ಇಲ್ಲ. ಕಿವಿಯೋಲೆಯ ಅಂಚು ಕೂದಲೆಳೆಯಷ್ಟು ತಪ್ಪಾದರೆ ಯಾರ ಪ್ರಾಣವೂ ಹೋಗದು. ಆದರೆ ಅದೇ ಗುಂಡಿಯನ್ನು ಕಾರ್ಖಾನೆಯ ಸರಕುಗಾಡಿಯ ಕಣ್ಣಿಗೆ ಒತ್ತಿದಾಗ, ಅಳೆದ ಅಂಕಿಗೂ ಊಹಿಸಿದ ಅಂಕಿಗೂ ಭೇದ ಅಳಿಸಿಹೋಗುವುದು. ಊಹೆಯು ತಪ್ಪಲ್ಲ, ಮನುಷ್ಯನೂ ಊಹಿಸುತ್ತಾನೆ. ಊಹೆಯನ್ನು ಅಳತೆಯ ಉಡುಪಿನಲ್ಲಿ ಕಳುಹಿಸುವುದು ತಪ್ಪು. ಅದನ್ನು ಸುಳ್ಳೆಂದು ಕರೆಯಲು ಸಂಕೋಚವಾಗಬಹುದು, ಯಾರೂ ಬಾಯಿಬಿಟ್ಟು ಏನನ್ನೂ ಹೇಳಲಿಲ್ಲವಲ್ಲ ಎಂದು. ಆದರೆ ಮುಂದಿನ ಯಂತ್ರವು ಅದನ್ನು ನಂಬಿ ಹೆಜ್ಜೆಯಿಡುವುದು, ಆ ಹೆಜ್ಜೆ ತಗಲುವುದು ಮನುಷ್ಯರಿಗೆ.

2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಆರಿಜೋನಾ ಪ್ರಾಂತದ ಟೆಂಪೆ ಎಂಬ ಊರಿನಲ್ಲಿ, ಊಬರ್ ಕಂಪನಿಯು ಪರೀಕ್ಷಿಸುತ್ತಿದ್ದ, ತನ್ನಷ್ಟಕ್ಕೆ ಓಡುವ ಮೋಟಾರು ಕಾರೊಂದು, ಸೈಕಲ್ಲು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹೆಂಗಸೊಬ್ಬಳನ್ನು ಬಡಿದು ಕೊಂದಿತು. ಕಾರಿಗೆ ಲೇಸರಿನ ಕಣ್ಣೂ ರೇಡಾರೂ ಕ್ಯಾಮೆರಾಗಳೂ ಇದ್ದುವು. ಆ ದೇಶದ ಸಾರಿಗೆ ಸುರಕ್ಷತಾ ಮಂಡಲಿಯು 2019ರಲ್ಲಿ ಮುಗಿಸಿದ ತನಿಖೆಯಲ್ಲಿ ಕಂಡುಬಂದುದೇನೆಂದರೆ, ಬಡಿಯುವುದಕ್ಕೆ 5.6 ಸೆಕೆಂಡು ಮುಂಚೆಯೇ ಯಂತ್ರಕ್ಕೆ ಎದುರಿಗೆ ಏನೋ ಇದೆಯೆಂದು ಗೊತ್ತಾಗಿತ್ತು. ದೂರದ ಅಳತೆಯಲ್ಲಿ ಕೊರತೆಯಿರಲಿಲ್ಲ. ಅದು ಏನೆಂಬುದು ಗೊತ್ತಾಗಲಿಲ್ಲ. ವಾಹನವೆಂದಿತು, ಇತರ ವಸ್ತುವೆಂದಿತು, ಸೈಕಲ್ಲೆಂದಿತು. ಹೆಸರು ಬದಲಾದಾಗಲೆಲ್ಲ ಅದು ಅದುವರೆಗೆ ಹೇಗೆ ಚಲಿಸಿತೆಂಬ ಹಳೆಯ ಲೆಕ್ಕವನ್ನು ಕೈಬಿಟ್ಟಿತು. ದಾಟುವ ಗುರುತಿಲ್ಲದ ಸ್ಥಳದಲ್ಲಿ ಮನುಷ್ಯರು ರಸ್ತೆ ದಾಟಬಹುದೆಂಬುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಇಷ್ಟೇ ಅಲ್ಲ, ಅಪಾಯವು ಕಂಡ ಮೇಲೆಯೂ ಒಂದು ಸೆಕೆಂಡು ಸುಮ್ಮನಿರುವಂತೆ ಅದನ್ನು ರಚಿಸಿದ್ದರು. ಸುಳ್ಳು ಗಾಬರಿಗಳಿಂದ ಕಾರು ಮತ್ತೆ ಮತ್ತೆ ಬಿರಿ ಹಾಕಬಾರದೆಂಬುದು ಅದರ ಉದ್ದೇಶ.

ಈ ಕೊನೆಯ ಸಂಗತಿಯು ಎಲ್ಲಕ್ಕಿಂತ ಹೆಚ್ಚು ಯೋಚಿಸತಕ್ಕದ್ದು. ಆ ಒಂದು ಸೆಕೆಂಡನ್ನು ಇಟ್ಟವರು ದುಷ್ಟರಲ್ಲ. ಯಂತ್ರಕ್ಕೆ ಸಂಶಯ ಬಂದಾಗ ಯಾರು ತೊಂದರೆ ಪಡಬೇಕು, ಒಳಗೆ ಕುಳಿತವನೋ ಹೊರಗೆ ನಡೆಯುವವಳೋ, ಎಂಬ ಪ್ರಶ್ನೆಗೆ ಯಾವುದೋ ಕಚೇರಿಯಲ್ಲಿ ಒಂದು ಉತ್ತರ ಬರೆಯಲ್ಪಟ್ಟಿತು; ಅದು ಧರ್ಮಪ್ರಶ್ನೆಯೆಂದು ಆಗ ಯಾರಿಗೂ ತೋರಿದಂತಿಲ್ಲ. ಕಾರಿನಲ್ಲಿ ಕಾವಲಿಗೆ ಕುಳಿತಿದ್ದ ಚಾಲಕಿಯ ಗಮನವು ಕೈಯ ಫೋನಿನ ಕಡೆಗಿತ್ತು. 2023ರಲ್ಲಿ ಆಕೆ ಅಪರಾಧವನ್ನು ಒಪ್ಪಿಕೊಂಡು ಮೂರು ವರ್ಷ ನಡತೆಯ ಮೇಲಣ ನಿಗಾಕ್ಕೆ ಒಳಪಟ್ಟಳು. ಕಂಪನಿಯ ಮೇಲೆ ಕ್ರಿಮಿನಲ್ ಹೊಣೆ ಹೊರಿಸಲು ಆಧಾರವಿಲ್ಲವೆಂದು ಸರ್ಕಾರಿ ವಕೀಲರು 2019ರಲ್ಲಿಯೇ ಹೇಳಿದ್ದರು. ನ್ಯಾಯಾಲಯದ ಲೆಕ್ಕಕ್ಕೆ ಅದು ಸರಿಯಿರಬಹುದು. ಕಡೆಯ ಐದು ಸೆಕೆಂಡುಗಳಲ್ಲಿ ನೋಡದಿದ್ದವಳು ಒಬ್ಬಳು. ತಿಂಗಳುಗಳ ಮುಂಚೆ, ಸಾಕಷ್ಟು ವೇಳೆಯೂ ಬೆಳಕೂ ಇದ್ದಾಗ, ಕಾಣದುದನ್ನು ಹೇಗೆ ನಡೆಸಿಕೊಳ್ಳಬೇಕೆಂದು ಗೊತ್ತುಮಾಡಿದವರು ಹಲವರು. ಹೊಣೆಯನ್ನು ತೂಗುವ ತಕ್ಕಡಿಯಲ್ಲಿ ಎರಡನೆಯವರು ಹಗುರವಾಗಿ ಕಂಡರೆ ತಕ್ಕಡಿಯನ್ನು ಪರೀಕ್ಷಿಸುವುದು ಲೇಸು.

ಇದಕ್ಕೆ ಆಕ್ಷೇಪವೊಂದುಂಟು, ಅದು ಬಲವಾದುದೇ. ತಿಳಿಯದ ಚುಕ್ಕೆಯನ್ನೆಲ್ಲ ಅಡ್ಡಿಯೆಂದು ಎಣಿಸಿದರೆ ಯಂತ್ರವು ಹೆಜ್ಜೆಯನ್ನೇ ಇಡಲಾರದು. ನುಣುಪಾದ ನೆಲದ ಮೇಲೆ ದೀಪದ ಹೊಳಪು ಬಿದ್ದಲ್ಲೆಲ್ಲ ಸರಕುಗಾಡಿ ನಿಂತುಬಿಡುವುದು. ಹತ್ತು ಸಲ ನಿಂತ ಮೇಲೆ ಪೀಣ್ಯದ ಯಾವ ಕಾರ್ಖಾನೆಯ ಮೇಸ್ತ್ರಿಯಾದರೂ ಬೇಸತ್ತು ಅದರ ಎಚ್ಚರಿಕೆಯ ತಂತಿಯನ್ನು ಕಿತ್ತಿಡುವನು. ಆಗ ಇದ್ದ ರಕ್ಷಣೆಯೂ ಹೋಯಿತು. ಅತಿಸಂಶಯವು ಕೊನೆಗೆ ಅತಿವಿಶ್ವಾಸಕ್ಕೇ ದಾರಿ ಮಾಡಿಕೊಡುವುದೆಂಬುದು ಮನೆಗಳಲ್ಲಿಯೂ ಕಂಡ ಸಂಗತಿ. ಎಲ್ಲಕ್ಕೂ ಬೇಡವೆನ್ನುವ ತಂದೆಯ ಮಾತನ್ನು ಮಕ್ಕಳು ಯಾವುದಕ್ಕೂ ಕೇಳುವುದಿಲ್ಲ. ಆದುದರಿಂದ ‘ತಿಳಿಯದು’ ಎಂಬುದನ್ನು ‘ಇಲ್ಲ’ವೆಂದು ಓದುವುದು ಹೇಗೆ ತಪ್ಪೋ, ‘ಇದೆ’ಯೆಂದು ಓದುವುದೂ ಹಾಗೆಯೇ ತಪ್ಪು. ಅದು ಮೂರನೆಯ ಮಾತು. ಅದಕ್ಕೆ ತಕ್ಕ ನಡವಳಿಕೆಯೂ ಮೂರನೆಯದೇ ಆಗಬೇಕು.

ಆ ನಡವಳಿಕೆ ಯಾವುದೆಂಬುದನ್ನು ಕೂಸುಗಳಿಂದ ಕಲಿಯಬಹುದು. 1709ರಲ್ಲಿ ಬಾರ್ಕ್ಲಿಯೆಂಬ ತತ್ತ್ವಜ್ಞನು, ದೂರವು ಕಣ್ಣಿಗೆ ನೇರವಾಗಿ ಕಾಣುವಂಥದಲ್ಲ, ಕೈಯ ಸ್ಪರ್ಶವೂ ಕಾಲಿನ ನಡಿಗೆಯೂ ಕಣ್ಣಿಗೆ ಕಲಿಸಿಕೊಟ್ಟ ಪಾಠವದು, ಎಂದು ವಾದಿಸಿದನು. 1728ರಲ್ಲಿ ಚೆಸೆಲ್ಡನ್ ಎಂಬ ಲಂಡನ್ನಿನ ಶಸ್ತ್ರವೈದ್ಯನು ಎಳೆತನದಲ್ಲಿಯೇ ಕುರುಡನಾಗಿದ್ದ ಹುಡುಗನೊಬ್ಬನ ಕಣ್ಣಿನ ಪೊರೆ ತೆಗೆದು ಬರೆದ ವರದಿಯಂತೆ, ಮೊದಲು ಕಣ್ಣು ತೆರೆದಾಗ ಆ ಹುಡುಗನಿಗೆ ಕಂಡುದೆಲ್ಲವೂ ಕಣ್ಣನ್ನೇ ಮುಟ್ಟುತ್ತಿರುವಂತೆ ತೋರಿತು. ಇತ್ತೀಚೆಗೆ ಪವನ್ ಸಿನ್ಹಾ ಅವರು ಭಾರತದಲ್ಲಿ ನಡೆಸುತ್ತಿರುವ ಪ್ರಕಾಶ ಯೋಜನೆಯಲ್ಲಿ, ಹುಟ್ಟುಕುರುಡರಾಗಿದ್ದು ಚಿಕಿತ್ಸೆಯಿಂದ ದೃಷ್ಟಿ ಪಡೆದ ಐವರು ಮಕ್ಕಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಫಲವೂ ಇದಕ್ಕೆ ಹತ್ತಿರದ್ದು: ಕೈಯಿಂದ ಮುಟ್ಟಿ ಬಲ್ಲ ಆಕಾರವನ್ನು ಅವರು ಕಣ್ಣಿನಿಂದ ಕೂಡಲೇ ಗುರುತಿಸಲಾರದಾದರು, ಕೆಲವೇ ದಿನಗಳಲ್ಲಿ ಕಲಿತರು. ತೊಟ್ಟಿಲ ಕೂಸು ಚಂದ್ರನಿಗೆ ಕೈ ನೀಡುವುದನ್ನು ನೋಡಿ ಹಿರಿಯರು ನಗುತ್ತಾರೆ. ಅದು ಪ್ರಯೋಗ ಮಾಡುತ್ತಿದೆ. ಸಿಕ್ಕದೆ ಹೋದಾಗ ತಲೆಯನ್ನು ಓರೆಮಾಡುವುದು, ಮುಂದಕ್ಕೆ ತೆವಳುವುದು, ಮತ್ತೆ ಕೈ ನೀಡುವುದು. ತಿಳಿಯದುದರ ಮುಂದೆ ಅದು ನಿಂತು ಅಳುವುದೂ ಇಲ್ಲ, ತಿಳಿಯಿತೆಂದು ನಟಿಸುವುದೂ ಇಲ್ಲ.

ಸಿನ್‌ಲರಿನವರು ಹಿಡಿದ ಹಾದಿಯು ಈ ಕಾರಣಕ್ಕಾಗಿಯೇ ಆಲೋಚನೆಗೆ ಅರ್ಹವಾಗಿದೆ. ಒಂದೇ ನೋಟದಲ್ಲಿ ಸಮಗ್ರವಾದ ಆಳದ ಚಿತ್ರವನ್ನು ಪಡೆಯಬೇಕೆಂಬ ಹಟವನ್ನು ಬಿಟ್ಟು, ಯಂತ್ರದ ಕಣ್ಣುಗಳು ಮನುಷ್ಯನ ಕಣ್ಣುಗಳಂತೆ ಒಂದರ ಕಡೆಗೊಂದು ಓರೆಯಾಗಿ ವಸ್ತುವಿನ ಮೇಲೆ ಕೂಡುವಂತೆಯೂ, ಮಸೂರವು ನೋಟವನ್ನು ಹತ್ತಿರಕ್ಕೆ ದೂರಕ್ಕೆ ಹೊಂದಿಸಿಕೊಳ್ಳುವಂತೆಯೂ, ತೋಳು ವಸ್ತುವನ್ನು ಮುಟ್ಟಿ ಅಲುಗಿಸಿ ಅರಿಯುವಂತೆಯೂ ಅವರು ಯತ್ನಿಸುತ್ತಿದ್ದಾರೆ. ಕನ್ನಡಿಯಂತೆ ಹೊಳೆಯುವ ಲೋಹದ ಬಿಡಿಭಾಗಗಳೂ ಪಾರದರ್ಶಕ ವಸ್ತುಗಳೂ, ಎಂದರೆ ಮಯನ ಸಾಮಗ್ರಿಗಳೇ, ಅವರ ಮುಖ್ಯ ಪರೀಕ್ಷೆ. ಈ ಪ್ರಯತ್ನವು ಮಾರುಕಟ್ಟೆಯಲ್ಲಿ ಎಷ್ಟು ಗೆಲ್ಲುವುದೆಂಬುದು ಬೇರೆ ಮಾತು. ತತ್ತ್ವದ ದೃಷ್ಟಿಯಿಂದ ನೋಡಿದರೆ ಇದರಲ್ಲಿ ‘ತಿಳಿಯದು’ ಎಂಬುದಕ್ಕೆ ಒಂದು ಮರ್ಯಾದೆಯ ಸ್ಥಾನವಿದೆ. ಅದು ಮುಚ್ಚಿಡತಕ್ಕ ತೂತಲ್ಲ, ಮುಂದೆ ಮಾಡತಕ್ಕ ಕೆಲಸ. ಲೆಕ್ಕವು ಸರಿಯಾಗಿ ತೋರಿದ ಮೇಲೆಯೂ ಬೆಂಗಳೂರಿನ ಬಯಲಿನಲ್ಲಿ ಮತ್ತೊಮ್ಮೆ ಸರಪಳಿ ಎಳೆದ ಮೋಜಣಿಯವರ ಬುದ್ಧಿಗೂ ಇದಕ್ಕೂ ನೆಂಟತನವುಂಟು.

ಆದರೆ ಮೇಜಿನ ಮೇಲಣ ಬಿಡಿಭಾಗವನ್ನು ಮುಟ್ಟಿ ನೋಡಬಹುದು. ರಸ್ತೆಯಲ್ಲಿರುವ ಮನುಷ್ಯನನ್ನು ಮುಟ್ಟಿ ನೋಡುವ ಹಾಗಿಲ್ಲ. ಓಡುವ ಯಂತ್ರಕ್ಕೆ ಉಳಿಯುವ ಪರೀಕ್ಷೆಯೆಂದರೆ ವೇಗವನ್ನು ತಗ್ಗಿಸುವುದು, ಬೇರೊಂದು ಬಗೆಯ ಕಣ್ಣನ್ನು ಕೇಳುವುದು, ಸಾಲದಿದ್ದರೆ ನಿಂತು ಮನುಷ್ಯನನ್ನು ಕರೆಯುವುದು. ಇವೆಲ್ಲಕ್ಕೂ ವೇಳೆ ಬೇಕು, ವೇಳೆಗೆ ಬೆಲೆಯಿದೆ, ಆ ಬೆಲೆಯನ್ನು ಕೊಡುವವನು ಯಂತ್ರವನ್ನು ಕೊಂಡವನು, ಲಾಭವು ದಾರಿಹೋಕನಿಗೆ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಡೆಯುವ ಒಪ್ಪಂದದಲ್ಲಿ ದಾರಿಹೋಕನ ಸಹಿ ಇರುವುದಿಲ್ಲವಾದುದರಿಂದ, ಅವನ ಪಕ್ಷವನ್ನು ಹಿಡಿದು ಮಾತನಾಡತಕ್ಕವರು ಮೊದಲು ಆ ಕಣ್ಣನ್ನು ಕಟ್ಟಿದವರೇ. ಹೊಸ ಉದ್ಯಮದಲ್ಲಿ ಇದು ಸುಲಭವಲ್ಲ. ಮುಂದಿನ ಸಂಬಳದ ಹಣ ಎಲ್ಲಿಂದ ಬರುವುದೆಂದು ತಿಳಿಯದ ತಿಂಗಳಿನಲ್ಲಿ ನುಣ್ಣನೆಯ ಚಿತ್ರವನ್ನು ತೋರಿಸಿ ಗ್ರಾಹಕನನ್ನು ಒಲಿಸಿಕೊಳ್ಳುವ ಆಸೆ ಸಹಜವಾದುದು. ಅದನ್ನು ಹೊರಗೆ ಕುಳಿತು ನಿಂದಿಸುವುದು ಅಗ್ಗದ ಧರ್ಮ.

ಮಳೆಗಾಲದಲ್ಲಿ ಬೆಂಗಳೂರಿನ ರಸ್ತೆಯ ಗುಂಡಿಯೊಂದು ನೀರಿನಲ್ಲಿ ಮುಚ್ಚಿಹೋದಾಗ ಯಾರೋ ಒಬ್ಬನು ಎಲೆಗಳುಳ್ಳ ಮರದ ರೆಂಬೆಯೊಂದನ್ನು ತಂದು ಅದರಲ್ಲಿ ನೆಟ್ಟು ಹೋಗುವುದುಂಟು. ಅವನು ಗುಂಡಿಯ ಆಳವನ್ನು ಅಳೆದವನಲ್ಲ, ಮುಚ್ಚಿದವನೂ ಅಲ್ಲ. ಇಲ್ಲಿ ಕಾಣದ ಒಂದಿದೆಯೆಂದು ಮಾತ್ರ ಗುರುತು ಮಾಡಿದನು. ಹಿಂದೆ ಬರುವ ಸ್ಕೂಟರಿನವನಿಗೆ ಅಷ್ಟು ಸಾಕು. ಆಳದ ಕ್ಯಾಮೆರಾಗಳಲ್ಲಿಯೂ ಇದು ಅಸಾಧ್ಯವಾದುದಲ್ಲ. ಒಂದೊಂದು ಚುಕ್ಕೆಯ ದೂರದ ಜತೆಗೆ, ಆ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ಇನ್ನೊಂದು ಅಂಕಿಯನ್ನು ಕೊಡುವ ಕ್ಯಾಮೆರಾಗಳು ಈಗಾಗಲೇ ಇವೆ. ಊಹಿಸಿ ತುಂಬಿದ ಚುಕ್ಕೆಗೆ ಬೇರೆಯ ಗುರುತನ್ನಿಡಲು ಹೆಚ್ಚಿನ ಖರ್ಚೇನೂ ಇಲ್ಲ. ಕ್ಯಾಮೆರಾದ ಜತೆಗೆ ಕೊಡುವ ವಿವರಪತ್ರದಲ್ಲಿ ಎಷ್ಟು ಮೀಟರಿನವರೆಗೆ ಕಾಣುವುದು, ಸೆಕೆಂಡಿಗೆ ಎಷ್ಟು ಚಿತ್ರ, ತೂಕವೆಷ್ಟು, ಬೆಲೆಯೆಷ್ಟು ಎಂಬ ಸಾಲುಗಳ ಕೆಳಗೆ, ಗಾಜು, ಕನ್ನಡಿ, ಕಪ್ಪು ಬಟ್ಟೆ, ನಿಂತ ನೀರು, ನಡುಹಗಲು ಎಂಬ ಐದು ಹೆಸರುಗಳನ್ನು ಬರೆದು, ಒಂದೊಂದರ ಮುಂದೆ ನೂರು ಚುಕ್ಕೆಗಳಲ್ಲಿ ಎಷ್ಟು ಚುಕ್ಕೆಗಳಿಗೆ ಅಳತೆ ಸಿಕ್ಕದೆಂದು ಅಚ್ಚು ಹಾಕಿಸಬಹುದು. ಐದು ಸಾಲುಗಳಿಗೆ ಪತ್ರದಲ್ಲಿ ಸ್ಥಳವಿದೆ.